ಎರಡು ರಂಗಗಳ ಒಂದು ದಿನ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾವು ಮೂವರು ಈ ಎಡಪ್ಪಾಡಿಯ ನೇಕಾರರ ಬೀದಿಗಳಲ್ಲಿ ಲಾಳಿಯ ಸದ್ದನ್ನು ಕೇಳುತ್ತ ಬೆಳೆದವರು. ಪರಸ್ಥಳದಲ್ಲಿ ಓದಿ ಬಂದವರೆಂಬ ಅಭಿಮಾನದಿಂದ ತಾವು ನಮ್ಮನ್ನು ಈ ವೇದಿಕೆಗೆ ಕರೆದಿದ್ದೀರಿ. ಓದುತ್ತಿರುವವನು ಒಬ್ಬನಾದರೂ ಮಾತು ಮೂವರದು. ನಾವು ಹೋದ ಪರಸ್ಥಳ ವಿಲಾಯತಿಯಲ್ಲ, ಮೈಸೂರು. ಆದರೂ ಮೇಟ್ಟೂರು, ಮಹದೇಶ್ವರ ಬೆಟ್ಟ, ಕೊಳ್ಳೇಗಾಲಗಳ ಮಾರ್ಗವಾಗಿ ನಾವು ಹೊರಟ ದಿನ ನಮ್ಮ ಮನೆಗಳಲ್ಲಿ ಹರಿದ ಕಣ್ಣೀರು ವಿಲಾಯತಿಗೆ ಹೋಗುವವರಿಗೂ ಸಾಲುವಷ್ಟಿತ್ತು.

ಕನ್ನಡದ ನಾಡಿಗೆ ಹೋಗುತ್ತಿದ್ದೇವೆ, ಇನ್ನು ನಮ್ಮ ಮಾತಿಗೆ ಕೊರತೆಯಿಲ್ಲ ಎಂದು ನಾವು ನಂಬಿದ್ದೆವು. ಅಲ್ಲಿ ನಮ್ಮ ಮಾತಿನ ರಾಗವನ್ನು ಕೇಳಿದವರು ಮೊದಲು ಕೇಳಿದ ಪ್ರಶ್ನೆ, "ನೀವು ತಮಿಳರೇ?" ಎಂಬುದು. ಇಲ್ಲಿ ನಾವು ಕನ್ನಡದವರು, ಅಲ್ಲಿ ತಮಿಳರು. ನಮ್ಮಲ್ಲಿ ಒಬ್ಬನಂತೂ ಮನೆಯಲ್ಲಿ ಕನ್ನಡವನ್ನಾಡುತ್ತಿದ್ದರೂ ಶಾಲೆಯಲ್ಲಿ ತಮಿಳನ್ನೇ ಓದಿದವನು. ಹದಿನೆಂಟನೆಯ ವಯಸ್ಸಿನಲ್ಲಿ ಮೈಸೂರಿನ ಬಸ್ಸುಗಳ ಫಲಕಗಳನ್ನು ನೋಡಿ ನೋಡಿ ಕನ್ನಡದ ಅಕ್ಷರಗಳನ್ನು ಕಲಿತನು. 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ಗಲಭೆ ಎದ್ದು ಬಸ್ಸುಗಳು ಗಡಿಯಲ್ಲಿಯೇ ನಿಂತಾಗ, ನಾವು ಬೀದಿಯಲ್ಲಿ ತಮ್ಮತಮ್ಮೊಳಗೆ ತಮಿಳು ಮಾತನಾಡುವುದನ್ನು ಬಿಟ್ಟೆವು. ಇತ್ತ ನಮ್ಮ ತಾಯಂದಿರು ದೂರವಾಣಿಯಲ್ಲಿ ಕನ್ನಡ ಮಾತನಾಡುವಾಗ ದನಿಯನ್ನು ತಗ್ಗಿಸಿದರು. ಯಾರೂ ನಮಗೆ ಕೇಡನ್ನು ಮಾಡಲಿಲ್ಲ. ಅಂಜಿಕೆ ಮಾತ್ರ ಇತ್ತು.

ಅದೇ ವರ್ಷದ ಡಿಸೆಂಬರಿನ ಒಂದು ಭಾನುವಾರ ನಾವು ಕಾವೇರಿಯ ದ್ವೀಪಗಳನ್ನು ನೋಡಿ ಬರಲು ಹೊರಟೆವು. ಹಳೆಯ ನೋಟುಗಳು ರದ್ದಾಗಿ ಚಿಲ್ಲರೆಗೆ ಎಲ್ಲೆಲ್ಲೂ ಪರದಾಟವಾಗಿದ್ದ ಕಾಲ. ಬುತ್ತಿಯನ್ನು ಕಟ್ಟಿಕೊಂಡೇ ಹೋದೆವು. ಕಾವೇರಿಯು ಮೂರು ದ್ವೀಪಗಳಲ್ಲಿ ರಂಗನಾಥನನ್ನು ಮಲಗಿಸಿಕೊಂಡಿದ್ದಾಳೆಂಬುದು ತಮಗೆಲ್ಲ ತಿಳಿದದ್ದೇ: ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ಶ್ರೀರಂಗದಲ್ಲಿ ಅಂತ್ಯರಂಗ. ಮೂರನ್ನೂ ಒಂದೇ ದಿನ ದರ್ಶಿಸುವ ಭಕ್ತರುಂಟು. ವಿದ್ಯಾರ್ಥಿಗಳಾದ ನಮಗೆ ಎರಡೇ ಸಾಕಾಯಿತು.

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರು. ನದಿಯು ಇಬ್ಭಾಗವಾಗಿ ಹರಿದು ಊರನ್ನು ನಡುವೆ ಇರಿಸಿಕೊಂಡು, ಪೂರ್ವದ ತುದಿಯಲ್ಲಿ ಮತ್ತೆ ಒಂದಾಗುತ್ತದೆ. ದೇವಾಲಯದಲ್ಲಿ ಕೈಮುಗಿದು, ಕೋಟೆಯ ಗೋಡೆಗಳನ್ನು ಸುತ್ತಿ, 1799ರ ಮೇ 4ರಂದು ಟಿಪ್ಪುಸುಲ್ತಾನನ ದೇಹ ದೊರೆತ ಸ್ಥಳದ ಕಲ್ಲನ್ನು ನೋಡಿದೆವು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಮುಗಿದ ಕಲ್ಲಿನ ಸೇತುವೆಯನ್ನೂ ನೋಡಿದೆವು. ಇವೆಲ್ಲ ಪಠ್ಯಪುಸ್ತಕದಲ್ಲಿ ಓದಿದವೇ. ಕಣ್ಣಿಗೆ ಬಿದ್ದವು, ಹೋದವು.

ನಮ್ಮ ಕಾಲುಗಳು ನಿಂತದ್ದು ದರಿಯಾ ದೌಲತ್ತಿನಲ್ಲಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಗೆಯ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಯುದ್ಧದ ದೊಡ್ಡ ಚಿತ್ರವಿದೆ. ಜನ ಅದರ ಮುಂದೆ ನೆರೆದಿದ್ದರು. ನಾವು ಮರದ ಕಂಬಗಳ ನೆರಳಿನಲ್ಲಿ ನಿಂತು, ಅದಾದ ಮೇಲೆ ಏನಾಯಿತೆಂದು ನೆನೆಯತೊಡಗಿದೆವು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನು ನಿಜಾಮನನ್ನೂ ಮರಾಠರನ್ನೂ ಕೂಡಿಕೊಂಡು ಈ ದ್ವೀಪವನ್ನು ಮುತ್ತಿದನು. ಸುಲ್ತಾನನು ಸಂಧಿಗೆ ಒಪ್ಪಿದನು: ರಾಜ್ಯದ ಅರ್ಧಭಾಗ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಚಿಕ್ಕ ಮಕ್ಕಳು. ಆ ಮಕ್ಕಳ ಕಥೆಯನ್ನು ಎಲ್ಲರೂ ಹೇಳುತ್ತಾರೆ; ಅವರನ್ನು ಮದರಾಸಿಗೆ ಒಯ್ದು, 1794ರಲ್ಲಿ ಹಿಂದಕ್ಕೆ ಕಳುಹಿಸಿದರು. ಹಿಂದಕ್ಕೆ ಬಾರದಿದ್ದದ್ದು ಬಾರಾಮಹಲು ಮತ್ತು ಸೇಲಂ. ಎಂದರೆ ನಾವು.

ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಧರ್ಮಪುರಿ, ಓಮಲೂರು ಮೊದಲಾದ ಸ್ಥಳಗಳು ಮೈಸೂರಿಗೆ ಸೇರಿದ್ದವು. ಒಂದು ಶತಮಾನ ನಮ್ಮ ಸೀಮೆಯ ಕಂದಾಯ ಈ ದ್ವೀಪದ ಬೊಕ್ಕಸಕ್ಕೆ ಹೋಗುತ್ತಿತ್ತು. 1792ರ ಮಾರ್ಚಿನ ಒಪ್ಪಂದದ ತರುವಾಯ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನು ಕಂಪನಿಯ ಪರವಾಗಿ ಇಲ್ಲಿ ಅಧಿಕಾರವನ್ನು ವಹಿಸಿಕೊಂಡನು. ಅವನ ಕೈಕೆಳಗಿದ್ದವನೇ ಮುಂದೆ ಮದರಾಸಿನ ಗವರ್ನರನಾದ ತಾಮಸ್ ಮನ್ರೋ. ಗಡಿಯೆಂದೊಡನೆ ನಾವು 1956ರ ನವೆಂಬರ್ 1ನ್ನು ಹೇಳುವುದು ವಾಡಿಕೆ. ನಮ್ಮ ಪಾಲಿನ ಗೆರೆಯನ್ನು ಅದಕ್ಕೆ 164 ವರ್ಷ ಮೊದಲೇ, ನಾವು ನಿಂತಿದ್ದ ಜಾಗದ ಸುತ್ತಮುತ್ತಲಲ್ಲಿಯೇ, ಬೇರೆ ಯಾರೋ ಎಳೆದಿದ್ದರು. ನೇಯುವವನ ಮನೆಯ ಮಾತು ಯಾವುದೆಂದು ಆಗ ಯಾರು ಕೇಳಿದ್ದರು? ಸುಲ್ತಾನನೂ ಕೇಳಲಿಲ್ಲ, ಕಂಪನಿಯೂ ಕೇಳಲಿಲ್ಲ. ಟಿಪ್ಪು ಎಂಥವನೆಂಬ ಚರ್ಚೆಗೆ ನಾವು ಹೋಗುವುದಿಲ್ಲ. ಅದಕ್ಕೆ ಬೇರೆ ಸಭೆಗಳಿವೆ.

ಸಂಗಮದಲ್ಲಿ ಎಳನೀರು ಮಾರುತ್ತಿದ್ದ ಮುದುಕರೊಬ್ಬರು ನಮ್ಮ ಊರನ್ನು ಕೇಳಿದರು. ಸೇಲಂ ಜಿಲ್ಲೆಯ ಎಡಪ್ಪಾಡಿ ಎಂದೆವು.

"ಅಲ್ಲಿಯವರಾಗಿ ಕನ್ನಡ ಎಲ್ಲಿ ಕಲಿತಿರಪ್ಪಾ?"

"ಮನೆಯಲ್ಲಿ."

"ಮನೆಯಲ್ಲಿ ಯಾರು ಕಲಿಸಿದರು?"

ಇದಕ್ಕೆ ಏನು ಹೇಳುವುದು? ಅಕ್ಷರಗಳನ್ನು ತಡವಾಗಿ ಕಲಿತ ನಮ್ಮ ಗೆಳೆಯನೇ, "ನಮ್ಮ ಅಜ್ಜಿ, ಮಗ್ಗದ ಮುಂದೆ," ಎಂದನು. ಮುದುಕರು ಅವನನ್ನು ತುಸುಹೊತ್ತು ನೋಡಿ, ಅವನ ಎಳನೀರಿಗೆ ಹಣವನ್ನು ತೆಗೆದುಕೊಳ್ಳಲಿಲ್ಲ. ಚಿಲ್ಲರೆ ಇರಲಿಲ್ಲವೆಂದು ನಮ್ಮ ಇನ್ನೊಬ್ಬ ಗೆಳೆಯನ ವಾದ.

ಶಿವನಸಮುದ್ರವನ್ನು ತಲಪುವಾಗ ಮಧ್ಯಾಹ್ನ ಕಳೆದಿತ್ತು. ಮಳೆಯಿಲ್ಲದ ವರ್ಷ, ಗಗನಚುಕ್ಕಿಯಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ಆ ತೆಳ್ಳನೆಯ ನೀರಿಗಾಗಿಯೇ ಮೂರು ತಿಂಗಳ ಹಿಂದೆ ಬಸ್ಸುಗಳು ಸುಟ್ಟಿದ್ದವೆಂದು ನೆನೆದು ಸುಮ್ಮನಾದೆವು. ಇಲ್ಲಿಯ ವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಬೆಳಕನ್ನು ಕಳುಹಿಸಿತು. ಅದನ್ನು ಕೈಗೆತ್ತಿಕೊಂಡ ದಿವಾನ್ ಶೇಷಾದ್ರಿ ಅಯ್ಯರ್ ಪಾಲಕ್ಕಾಡಿನ ಕಡೆಯವರು. ದ್ವೀಪಕ್ಕೆ ಹಳೆಯ ಕಲ್ಲಿನ ಸೇತುವೆಯನ್ನು ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರ್. ನಾವು ಅಂದು ಕುಳಿತು ಬುತ್ತಿಯುಂಡ ಆ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತೆಂದು ಪತ್ರಿಕೆಯಲ್ಲಿ ಓದಿದಾಗ, ಬಲ್ಲವರು ತೀರಿಕೊಂಡಂತೆ ಮನಸ್ಸಿಗೆ ನೋವಾಯಿತು. ಮಧ್ಯರಂಗನ ದರ್ಶನವನ್ನು ಪಡೆದು ಹೊರಬರುವಾಗ ಹೊತ್ತು ಮುಳುಗಿತ್ತು.

ಶ್ರೀರಂಗಪಟ್ಟಣದ ಸಂಗಮದಲ್ಲಿ ನಾವು ಒಂದು ಸೀಸೆ ನೀರನ್ನು ತುಂಬಿಕೊಂಡಿದ್ದೆವು. ಸಂಕ್ರಾಂತಿಗೆ ಊರಿಗೆ ಬಂದಾಗ ಅದನ್ನು ಆ ಗೆಳೆಯನ ಅಜ್ಜಿಯ ಕೈಗೆ ಕೊಟ್ಟು, ಆದಿರಂಗನ ಪಾದದ ಕಾವೇರಿ ಎಂದು ಭಕ್ತಿಯಿಂದ ವಿವರಿಸಿದೆವು. ಒಪ್ಪಂದದ ಕಥೆಯನ್ನೂ ಹೇಳಿದೆವು. ಅವರು ಲಾಳಿಯನ್ನು ನಿಲ್ಲಿಸದೆಯೇ ಎಲ್ಲವನ್ನೂ ಕೇಳಿದರು. ಕೊನೆಗೆ ಸೀಸೆಯನ್ನು ಬೆಳಕಿಗೆ ಎತ್ತಿ ನೋಡಿ ನಕ್ಕರು.

"ಈ ನೀರು ತಾನೇ ನಡೆದು ಪೂಲಾಂಪಟ್ಟಿಗೆ ಬರುತ್ತದಲ್ಲವೋ ಮಗಾ, ನೀನೇಕೆ ಟಿಕೇಟು ಕೊಟ್ಟು ತಂದೆ?"