ಬೀಜ ಕೊಟ್ಟ ಊರು ಒಪ್ಪಂದದಲ್ಲಿ ಎಲ್ಲಿದೆ?



ಪಾವಗಡ, ಶಿರಾ, ಮಧುಗಿರಿಗಳ ಕೆಂಪು ನೆಲದಲ್ಲಿ ಬಹುಕಾಲ ಬೆಳೆದ ಕಡಲೆಕಾಯಿ ತಳಿ ಟಿಎಂವಿ-2. ತಿಂಡಿವನಂನ ಸರ್ಕಾರಿ ಸಂಶೋಧನಾ ಕೇಂದ್ರವು 1940ರಲ್ಲಿ ಬಿಡುಗಡೆ ಮಾಡಿದ ಈ ತಳಿಗೆ ನಮ್ಮ ಹಿರಿಯರು ಯಾರಿಗೂ ರಾಯಧನ ಕಟ್ಟಲಿಲ್ಲ. ತಮ್ಮ ಹೊಲದ ಕಾಯನ್ನೇ ಮರುವರ್ಷ ಬಿತ್ತಿದರು. ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ತಳಿಯ ಗುಣವೂ ಕೆಡಲಿಲ್ಲ. ಬೀಜ ಕಂಪನಿಗಳಿಗೆ ಕಡಲೆಕಾಯಿಯಲ್ಲಿ ಅಷ್ಟಾಗಿ ಆಸಕ್ತಿಯಿಲ್ಲದಿರುವುದು ಈ ಕಾರಣಕ್ಕೇ.

ವಿಶ್ವವಿದ್ಯಾನಿಲಯವೂ ಕಂಪನಿಯೂ ಕೈಜೋಡಿಸಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಮಹಿಕೊ ಕಂಪನಿ ಹಾಗೂ ಸತ್ಗುರು ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಇದರ ಹಿಂದಿದ್ದದ್ದು ಅಮೆರಿಕ ಸರ್ಕಾರದ ಹಣ ಮತ್ತು ಕಾರ್ನೆಲ್ ವಿಶ್ವವಿದ್ಯಾನಿಲಯದ ಯೋಜನೆ. ಕಂಪನಿಯ ಬಿ.ಟಿ. ವಂಶವಾಹಿಯನ್ನು ಮಾಳಾಪುರ, ಕುಡಚಿ, ರಬಕವಿ, ಮಂಜರಿ ಗೋಟಾ, ಉಡುಪಿ ಗುಳ್ಳ ಮುಂತಾದ ಆರು ಬದನೆಗಳಿಗೆ ಸೇರಿಸುವುದು ಕೆಲಸ. ಕಾಯಿಕೊರಕದ ಹಾವಳಿ ತಗ್ಗಿಸಿ, ಸಣ್ಣ ರೈತರು ತಾವೇ ಉಳಿಸಿಕೊಳ್ಳಬಲ್ಲ ಬೀಜ ಕೊಡುವುದು ಉದ್ದೇಶವಾಗಿತ್ತು. ಆ ಉದ್ದೇಶವನ್ನು ನಾನು ಹಳಿಯಲಾರೆ. ಆದರೆ ತಳಿಗಳ ಹೆಸರಿನಲ್ಲೇ ಇದ್ದ ಊರುಗಳ ಅನುಮತಿಯನ್ನಾಗಲಿ, 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರಾಧಿಕಾರದ ಅನುಮತಿಯನ್ನಾಗಲಿ ಪಡೆದಿಲ್ಲವೆಂದು 2010ರಲ್ಲಿ ಬೆಂಗಳೂರಿನ ಪರಿಸರ ಸಂಘಟನೆಯೊಂದು ದೂರಿತು. ಅದೇ ಫೆಬ್ರವರಿ 9ರಂದು ಕೇಂದ್ರ ಸಚಿವ ಜೈರಾಮ್ ರಮೇಶ್ ಬಿ.ಟಿ. ಬದನೆಗೆ ತಡೆ ಹಾಕಿದರು. 2012ರಲ್ಲಿ ಧಾರವಾಡದಲ್ಲಿ ಮೊಕದ್ದಮೆ ದಾಖಲಾಯಿತು. ಅದನ್ನು ರದ್ದುಪಡಿಸಲು 2013ರಲ್ಲಿ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. 2023ರ ತಿದ್ದುಪಡಿಯು ಇಂತಹ ಉಲ್ಲಂಘನೆಗಳಿಗಿದ್ದ ಸೆರೆವಾಸವನ್ನು ತೆಗೆದು ದಂಡವನ್ನಷ್ಟೇ ಉಳಿಸಿದೆ. ದೊಡ್ಡ ಕಂಪನಿಗೆ ದಂಡ ಕಟ್ಟುವುದು ವ್ಯಾಪಾರದ ಇನ್ನೊಂದು ಖರ್ಚು, ಅಷ್ಟೆ.

ಸಹಭಾಗಿತ್ವವೇ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ಹಲಸು ‘ಸಿದ್ದು’ವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದಾಗ, ಸಸಿಗಳ ಆದಾಯದಲ್ಲಿ ಶೇಕಡ 75 ಪಾಲು ಮರದ ಒಡೆಯನಾದ ರೈತನಿಗೆಂದು ಮೊದಲೇ ಬರೆದುಕೊಂಡರು. ಅಲ್ಲಿ ರೈತನ ಹೆಸರು ಕಾಗದದ ಮೇಲಿತ್ತು.

ಕೊರಟಗೆರೆಯ ಸಿದ್ದರಬೆಟ್ಟದ ಮೂಲಿಕೆಗಳನ್ನೋ, ನಿಮ್ಮ ಮನೆಯ ಹುರುಳಿ, ನವಣೆ, ಸಾಮೆಗಳನ್ನೋ ಕೇಳಿಕೊಂಡು ಸಂಶೋಧಕರು ನಾಳೆ ಬಂದಾರು. ಆದರದಿಂದ ಬರಮಾಡಿಕೊಳ್ಳಿ. ಹಣ ಯಾರದು, ಬೀಜ ಮುಂದೆ ಎಲ್ಲಿಗೆ ಹೋಗುತ್ತದೆ, ಹೊಸ ತಳಿಯಾದರೆ ಒಡೆತನ ಯಾರದು ಎಂದು ಕೇಳಿ, ಒಪ್ಪಂದದ ಕನ್ನಡ ಪ್ರತಿಯನ್ನು ಪಡೆಯಿರಿ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದರ ದಾಖಲೆ ಪುಸ್ತಕದಲ್ಲಿ ನಿಮ್ಮೂರಿನ ತಳಿಗಳನ್ನು ಬರೆಸಿ. ಬರೆಯುವ ಕೆಲಸಕ್ಕೆ ವಿದ್ಯಾರ್ಥಿಗಳು ಈ ಬೇಸಿಗೆ ರಜೆಯಲ್ಲಿ ಬರುವುದಾದರೆ ನಾನೂ ಜೊತೆಗಿರುತ್ತೇನೆ.