ಮಳೆಗಾಲದಲ್ಲಿ ಎಲ್ಲಿಗೆ ಹೋಗೋಣ?

ಮುಂಗಾರು ಕಾಲಿಟ್ಟೊಡನೆ ನಮ್ಮ ಮನೆಗಳಲ್ಲಿ ಪ್ರಯಾಣದ ಪೆಟ್ಟಿಗೆಗಳು ಅಟ್ಟ ಸೇರುತ್ತವೆ. ಪ್ರವಾಸವೆಂದರೆ ಬೇಸಗೆಯ ಮಾತು, ಮಳೆಗಾಲವೆಂದರೆ ಮನೆಯಲ್ಲಿ ಕುಳಿತು ಹಪ್ಪಳ ಸುಟ್ಟು ತಿನ್ನುವ ಕಾಲ ಎಂಬುದು ಹಿರಿಯರ ಲೆಕ್ಕ. ಆದರೆ ರಜೆ ನಮ್ಮ ಇಚ್ಛೆಯಂತೆ ಬರುತ್ತದೆಯೇ? ಪರದೇಶದಲ್ಲಿರುವ ಮಗಳಿಗೆ ಜುಲೈಯಲ್ಲಿ ಬಿಡುವು, ಅಳಿಯಂದಿರಿಗೆ ಆಗಸ್ಟಿನಲ್ಲಿ. ಆಗ ಮನೆಮಂದಿಯೆಲ್ಲ ಕೂಡಿ ನಕ್ಷೆಯನ್ನು ಹರಡಿಕೊಂಡು ಕುಳಿತರೂ ಎಲ್ಲೆಲ್ಲಿಯೂ ಮಳೆಯೇ ಕಾಣುತ್ತದೆ.

ನಿಜವಾಗಿ ಹಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ಒಂದು ಹಗಲಿನ ಪ್ರಯಾಣದಷ್ಟು ದೂರದ ಚಳ್ಳಕೆರೆಗೆ ಅದರ ಹತ್ತನೆಯ ಒಂದು ಪಾಲೂ ದಕ್ಕುವುದಿಲ್ಲ. ಕಡಲಿನಿಂದ ಬರುವ ನೈಋತ್ಯ ಮಾರುತ ಘಟ್ಟವನ್ನು ಏರುವಾಗ ತಣಿದು ತನ್ನ ನೀರನ್ನೆಲ್ಲ ಚೆಲ್ಲಿ, ಆಚೆಗೆ ಬರಿಗೈಯಲ್ಲಿ ಇಳಿಯುತ್ತದೆ. ಏಷ್ಯಾಖಂಡದ ಉದ್ದಗಲಕ್ಕೂ ಇಂಥ ಆಗುಂಬೆ-ಚಳ್ಳಕೆರೆಗಳ ಜೋಡಿಗಳಿವೆ. ನಾವು ಹೋಗುವ ಊರು ಬೆಟ್ಟದ ಯಾವ ಮಗ್ಗುಲಿನಲ್ಲಿದೆ ಎಂಬುದನ್ನು ಮೊದಲು ನೋಡಬೇಕು.

ಇಷ್ಟನ್ನು ನಾನೂ ನೋಡಿಕೊಂಡೇ ಹೊರಟಿದ್ದೆ, ಆದರೂ ಸೋತೆ. ನನ್ನ ತಾಯಿಗೆ ಮುಕ್ತಿನಾಥನ ದರ್ಶನ ಮಾಡಬೇಕೆಂದು ಬಹುಕಾಲದ ಆಸೆ. ತಾವು ದಿನವೂ ಪೂಜಿಸುವ ಸಾಲಿಗ್ರಾಮ ಬಂದ ಗಂಡಕಿಯನ್ನು ಕಣ್ಣಾರೆ ಕಾಣಬೇಕು ಎನ್ನುತ್ತಿದ್ದರು. ಮುಕ್ತಿನಾಥವಿರುವುದು ನೇಪಾಳದಲ್ಲಿ, ಅನ್ನಪೂರ್ಣಾ ಮತ್ತು ಧವಳಗಿರಿ ಶಿಖರಗಳ ಬೆನ್ನಹಿಂದೆ, 3,700 ಮೀಟರಿಗೂ ಎತ್ತರದಲ್ಲಿ. ಅದಕ್ಕೆ ಸಮೀಪದ ಜೋಮ್ಸೋಮಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರು. ಇದನ್ನು ಓದಿ, ಜುಲೈಯಲ್ಲಿ ರಜೆ ಸಿಕ್ಕಿತೆಂದು ಹಿಗ್ಗಿ, ತಾಯಿಯನ್ನು ಕರೆದುಕೊಂಡು ಹೊರಟೆ.

ಅಲ್ಲಿಗೆ ಹೋಗುವ ದಾರಿ ಪೋಖರಾದ ಮೇಲೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪೋಖರಾ ಇರುವುದು ಪರ್ವತದ ಈಚೆ ಮಗ್ಗುಲಿನಲ್ಲಿ; ಅಲ್ಲಿನ ಮಳೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು. ಪುಟ್ಟ ವಿಮಾನವು ಆ ಎರಡು ಪರ್ವತಗಳ ನಡುವಿನ ಕಣಿವೆಯಲ್ಲಿ ಹಾರಬೇಕು, ಅದೂ ಗಾಳಿ ಬಲಿಯುವ ಮೊದಲು, ಬೆಳಗಿನಲ್ಲಿ. ಮೋಡ ಕವಿದರೆ ಹಾರುವಂತಿಲ್ಲ. ನಾಲ್ಕು ಬೆಳಗು ನಾವು ನಿಲ್ದಾಣಕ್ಕೆ ಹೋಗಿ ಹಿಂದಿರುಗಿದೆವು. ರಸ್ತೆಯಲ್ಲಿ ಗುಡ್ಡ ಜರಿದಿತ್ತು. ಐದನೆಯ ದಿನ ತಾಯಿಯೇ, "ದೇವರು ಅಲ್ಲೇ ಇರ್ತಾನೆ, ಇನ್ನೊಂದು ಸಲ ಬರೋಣ ಬಿಡಪ್ಪ" ಎಂದರು. ಆಚೆ ಬಿಸಿಲು ಕಾಯುತ್ತಿದ್ದಿರಬೇಕು. ಈಚೆ ನಾವು ಕೊಡೆ ಹಿಡಿದು ನಿಂತಿದ್ದೆವು.

ಆದ್ದರಿಂದ ಊರಿನ ಹವೆಯ ಜೊತೆಗೆ ದಾರಿಯ ಹವೆಯನ್ನೂ ವಿಚಾರಿಸಿರಿ. ಈ ಎರಡು ಪರೀಕ್ಷೆಗಳಲ್ಲಿಯೂ ಗೆಲ್ಲುವ ಸ್ಥಳ ಯಾವುದೆಂದು ಕೇಳಿದರೆ ನಾನು ಸಿಂಹಳದ ಪೂರ್ವ ತೀರವನ್ನು ಹೇಳುತ್ತೇನೆ. ಆ ದ್ವೀಪದ ನಡುವೆ 2,500 ಮೀಟರಿನವರೆಗೆ ಏರುವ ಬೆಟ್ಟಗಳಿವೆ. ನಮ್ಮ ಮುಂಗಾರಿನ ದಿನಗಳಲ್ಲಿ ಅವುಗಳ ಪಶ್ಚಿಮದ ಇಳಿಜಾರು ತೊಯ್ದು ತೊಪ್ಪೆಯಾಗಿದ್ದರೆ, ಪೂರ್ವದ ತ್ರಿಕೋಣಮಲೆಯಲ್ಲಿ ಬಿಸಿಲು, ಶಾಂತವಾದ ಕಡಲು. ಅವರ ಮಳೆ ಹಿಂಗಾರಿನದು, ಅಕ್ಟೋಬರಿನಿಂದ ಜನವರಿಯವರೆಗೆ. ಕೊಲಂಬೊ ಕಡೆಯಿಂದ ಹೋಗುವ ರಸ್ತೆ ಕುರುನೇಗಲ, ದಂಬುಲ್ಲ, ಹಬರಣಗಳ ಮೇಲೆ ಹಾಯುತ್ತದೆ. ಎತ್ತರದ ಘಟ್ಟವನ್ನು ಹತ್ತುವ ಗೋಜಿಲ್ಲ. ಹಬರಣದ ಹತ್ತಿರ ಮಹಾಸೇನ ರಾಜ ಕಟ್ಟಿಸಿದ ಮಿನ್ನೇರಿಯ ಕೆರೆಯಿದೆ. ಜುಲೈಯಿಂದ ಸೆಪ್ಟೆಂಬರಿನವರೆಗೆ ಕೆರೆ ಬತ್ತಿ ಅಂಗಳದಲ್ಲಿ ಹಸಿರು ಹುಲ್ಲು ಏಳುವಾಗ ಕಾಡಾನೆಗಳು ನೂರಾರು ಸಂಖ್ಯೆಯಲ್ಲಿ, ಮರಿಗಳ ಸಮೇತ, ಅಲ್ಲಿ ಕೂಡುತ್ತವೆ. ಮಕ್ಕಳಿರುವ ಮನೆಯವರು ಅದನ್ನೊಂದು ಸಂಜೆ ನೋಡಲೇಬೇಕು. ಹಿರಿಯರಿಗೆ ತ್ರಿಕೋಣಮಲೆಯಲ್ಲಿ ಕಡಲಿನ ಮೇಲಿನ ಬಂಡೆಯಲ್ಲಿ ಕೋಣೇಶ್ವರನ ಗುಡಿಯಿದೆ.

ಇನ್ನೂ ದೂರ ಹೋಗಬಲ್ಲವರಿಗೆ ಬಾಲಿ ದ್ವೀಪ ಉಂಟು. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಅಲ್ಲಿಗೆ ಈ ತಿಂಗಳುಗಳಲ್ಲಿ ಆಸ್ಟ್ರೇಲಿಯದ ಕಡೆಯಿಂದ ಒಣಗಾಳಿ ಬೀಸುತ್ತದೆ. ಜನಸಂದಣಿಯೂ ಖರ್ಚೂ ಆಗಲೇ ಹೆಚ್ಚು ಎಂಬುದು ತಿಳಿದಿರಲಿ. ಜಪಾನಿಗೆ ಹೋಗುವವರು ಜೂನ್ ತಿಂಗಳ ಜಡಿಮಳೆಯನ್ನು ತಪ್ಪಿಸಬೇಕಾದರೆ ಉತ್ತರದ ಹೊಕ್ಕೈಡೊ ದ್ವೀಪವನ್ನು ಆರಿಸಿಕೊಳ್ಳಬಹುದು.

ಲಡಾಖನ್ನು ಹೆಸರಿಸದಿದ್ದರೆ ನೀವು ಒಪ್ಪಲಾರಿರಿ. ಲೇಹ್ ಪಟ್ಟಣದ ವಾರ್ಷಿಕ ಮಳೆ ಸುಮಾರು 100 ಮಿಲಿಮೀಟರು ಮಾತ್ರ. ಆದರೂ 2010ರ ಆಗಸ್ಟ್ ಮೊದಲ ವಾರದ ಒಂದು ರಾತ್ರಿ ಅಲ್ಲಿ ಮೇಘಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮಳೆಯನ್ನೇ ಕಾಣದ ಮಣ್ಣಿಗೆ ಅದನ್ನು ತಡೆಯುವ ಶಕ್ತಿಯಿರಲಿಲ್ಲ. ಮನಾಲಿಯ ರಸ್ತೆ ಹಿಡಿಯುವುದಕ್ಕಿಂತ ವಿಮಾನದಲ್ಲಿ ಹೋಗುವುದು ಈ ಕಾಲದಲ್ಲಿ ಲೇಸು. ಆದರೆ 3,500 ಮೀಟರಿನ ಎತ್ತರಕ್ಕೆ ಒಮ್ಮೆಗೇ ಇಳಿದವರು ಎರಡು ದಿನ ಓಡಾಡದೆ ಮಲಗಿರಬೇಕು. ಹೊಳೆಯ ಪಾತ್ರದ ಪಕ್ಕದಲ್ಲಿ ಬಿಡಾರ ಮಾಡಬೇಡಿರಿ.

ಮರುವರ್ಷ ಕಾರ್ತಿಕದಲ್ಲಿ ಜೋಮ್ಸೋಮಿನ ವಿಮಾನ ಹೇಳಿದ ಹೊತ್ತಿಗೆ ಸರಿಯಾಗಿ ಹೊರಟಿತು. ಅಷ್ಟರಲ್ಲಿ ತಾಯಿಯ ಮಂಡಿ ಸೋತಿತ್ತು, ನಾನೊಬ್ಬನೇ ಹೋಗಿದ್ದೆ. ಮುಕ್ತಿನಾಥನ ಗುಡಿಯ ಹಿಂದಿನ ನೂರೆಂಟು ಧಾರೆಗಳ ನೀರನ್ನು ಒಂದು ಸೀಸೆಯಲ್ಲಿ ತುಂಬಿ ತಂದುಕೊಟ್ಟೆ. ಅವರು ಅದನ್ನು ಸಾಲಿಗ್ರಾಮದ ಮೇಲೆ ಎರೆದು, ಅಲ್ಲಿ ಬಿಸಿಲಿತ್ತೇ ಎಂದು ಕೇಳಿದರು.