ಮಾರಿಕಣಿವೆಯ ಪಾಠ

ಹಿರಿಯೂರು ತಾಲ್ಲೂಕಿನ ಆದಿವಾಲದ ಮಕ್ಕಳಿಗೆ ನೀರಿನ ಪಾಠ ಹೇಳಲು ದೂರದ ಉದಾಹರಣೆ ಏಕೆ? ತಾಲ್ಲೂಕಿನಲ್ಲೇ ಮಾರಿಕಣಿವೆಯಿದೆ, ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳೇ ಒಂದು ಪಾಠ.

ಅಚ್ಚಾದ ಪಠ್ಯಪುಸ್ತಕವಾದರೋ ಇಡೀ ರಾಜ್ಯಕ್ಕೆ ಒಂದೇ; ಊರೂರಿನ ಇಂಥ ಪಾಠ ಅದರಲ್ಲಿ ಹಿಡಿಸದು. ಅದಕ್ಕೆ ಬೇಕಾದದ್ದು ಶಿಕ್ಷಕರೇ ತಿದ್ದಿಕೊಳ್ಳಬಹುದಾದ ಪಾಠ.

ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರೇ ಕನ್ನಡದಲ್ಲಿ ಪಾಠ ಬರೆದು ಇಂಟರ್ನೆಟ್‌ನಲ್ಲಿ ಹಂಚಿಕೊಂಡಿದ್ದಾರೆ. ಇಂಥ ಮುಕ್ತ ಪಾಠವನ್ನು ತಿದ್ದಬಹುದು, ಊರಿನ ಕೆರೆ, ಬೆಳೆ, ಬರಗಾಲವನ್ನು ಸೇರಿಸಬಹುದು. ಪುಕ್ಕಟೆ ಸಿಗುವುದಕ್ಕಿಂತ ಈ ತಿದ್ದುವ ಹಕ್ಕೇ ದೊಡ್ಡದು. ದೃಷ್ಟಿ ಮಂದವಾದ ಮಗುವಿಗೆ ಅಕ್ಷರ ಹಿಗ್ಗಿಸಿ, ಕಣ್ಣು ಕಾಣದ ಮಗುವಿಗೆ ಓದಿ ಧ್ವನಿಮುದ್ರಿಸಿ ಕೊಡಬಹುದು. ಪ್ರಕಾಶಕರ ಒಪ್ಪಿಗೆಗೆ ಕಾಯಬೇಕಿಲ್ಲ.

ಹಳ್ಳಿಯಲ್ಲಿ ಇಂಟರ್ನೆಟ್ ಆಗಾಗ ಕೈಕೊಡುತ್ತದೆ, ನಿಜ. ಆಗ ಪಾಠಗಳನ್ನು ಪೆನ್‌ಡ್ರೈವಿನಲ್ಲಿ ತಂದು ಶಾಲೆಯ ಕಂಪ್ಯೂಟರಿಗೆ ಹಾಕಿಕೊಂಡರಾಯಿತು.